ಆನೆ ಕಾಯುವ ಕ್ಯಾಮೆರಾಗೆ 5ಜಿ ಎಡ್ಜ್ ಬೇಕೇ?

ಪ್ರಶ್ನೆ – ಸಿದ್ದಾಪುರದ ಬೆಳೆಗಾರ
ನಮ್ಮ ಕಾಫಿ ತೋಟದ ಕಾಡಂಚಿನಲ್ಲಿ ನಾಲ್ಕು ಕ್ಯಾಮೆರಾಗಳಿವೆ. ಆನೆ ಕಂಡೊಡನೆ ಲೈನ್‌ಮನೆಯ ಕಾರ್ಮಿಕರಿಗೆ ಎಚ್ಚರಿಕೆ ತಲುಪಬೇಕು. ಆದರೆ ದೃಶ್ಯವೆಲ್ಲ ಮುಂಬೈಯ ಕ್ಲೌಡಿಗೆ ಹೋಗಿ ಉತ್ತರ ಬರುವಷ್ಟರಲ್ಲಿ ಆನೆ ಹಲಸಿನ ಮರದ ಬುಡದಲ್ಲಿರುತ್ತದೆ. ಎಡ್ಜ್ ಕಂಪ್ಯೂಟಿಂಗ್, ಅಂದರೆ ದೂರದ ಕ್ಲೌಡಿನ ಬದಲು ಹತ್ತಿರದ ಕಂಪ್ಯೂಟರಿನಲ್ಲೇ ದೃಶ್ಯವನ್ನು ಪರಿಶೀಲಿಸುವ ವ್ಯವಸ್ಥೆ, ಇದ್ದರೆ ಈ ವಿಳಂಬ ತಪ್ಪುತ್ತದೆಯೇ?

ಉತ್ತರ – ಮಡಿಕೇರಿಯ ಓದುಗ
ವಿಳಂಬಕ್ಕೆ ಮುಂಬೈಯ ದೂರ ಕಾರಣವಲ್ಲ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುವುದರಿಂದ, 1,000 ಕಿ.ಮೀ. ಹೋಗಿ ಬರಲು 10 ಮಿಲಿಸೆಕೆಂಡು ಸಾಕು. ಅಷ್ಟರಲ್ಲಿ ಆನೆ ಸೊಂಡಿಲನ್ನೂ ಎತ್ತಲಾರದು. ನಿಮ್ಮ ತೊಡಕು ಅಪ್‌ಲೋಡಿನದು. ಕ್ಯಾಮೆರಾ ಒಂದಕ್ಕೆ 4 ಎಂಬಿಪಿಎಸ್ ಎಂದರೂ ನಾಲ್ಕಕ್ಕೆ 16 ಆಯಿತು, ಕಾಡಂಚಿನ ಕ್ಷೀಣ ಸಿಗ್ನಲ್ ಅಷ್ಟನ್ನು ಎಡೆಬಿಡದೆ ಹೊರುವುದು ಕಷ್ಟ. ಸರ್ವರ್ ಟವರಿನ ಬುಡಕ್ಕೇ ಬಂದರೂ ಕ್ಯಾಮೆರಾದಿಂದ ಟವರಿನವರೆಗಿನ ಈ ಇಕ್ಕಟ್ಟು ಹಾಗೆಯೇ ಉಳಿಯುತ್ತದೆ.

ಉತ್ತರ – ಟೆಲಿಕಾಂ ಎಂಜಿನಿಯರ್
ಇನ್ನೊಂದು ಮಾತು ಸೇರಿಸಬೇಕು. ಮೊಬೈಲ್ ಜಾಲದಲ್ಲಿ ಫೋನಿನ ದತ್ತಾಂಶ ಹೊರಜಾಲಕ್ಕೆ ಇಳಿಯುವುದು ಯುಪಿಎಫ್ ಎಂಬ ಘಟಕದಲ್ಲಿ. ನಿಯಂತ್ರಣದ ಕೆಲಸ ಕೇಂದ್ರದಲ್ಲೇ ಉಳಿದು ಯುಪಿಎಫ್ ಮಾತ್ರ ಬಳಕೆದಾರರ ಹತ್ತಿರಕ್ಕೆ ಬರುವಂತೆ 5ಜಿಯನ್ನು ರೂಪಿಸಿದ್ದಾರೆ, ಎಡ್ಜ್‌ನ ಜೀವಾಳವೇ ಅದು. ಕಂಪನಿಯ ಯುಪಿಎಫ್ ಬೆಂಗಳೂರಿನಲ್ಲಿದ್ದರೆ, ನೀವು ಮಡಿಕೇರಿಯಲ್ಲಿ ಸರ್ವರ್ ಇಟ್ಟರೂ ದತ್ತಾಂಶ ಕುಶಾಲನಗರ ಇಳಿದು, ಬೆಂಗಳೂರು ಮುಟ್ಟಿ, ಮತ್ತೆ ಘಟ್ಟ ಹತ್ತಿ ಬರುತ್ತದೆ. ಯುಪಿಎಫ್ ಎಲ್ಲಿರಬೇಕೆಂಬುದು ಕಂಪನಿಯ ತೀರ್ಮಾನ, ಗ್ರಾಹಕರದಲ್ಲ.

ಸಿದ್ದಾಪುರದ ಬೆಳೆಗಾರ
2018ರ ಆಗಸ್ಟಿನಂತೆ ಗುಡ್ಡ ಕುಸಿದು ಫೈಬರ್ ತುಂಡಾದರೆ, ಹತ್ತಿರದ ಎಡ್ಜ್ ಸರ್ವರ್ ಒಂದೇ ಕೆಲಸ ಮಾಡುತ್ತಿರಬಹುದೇ?

ಟೆಲಿಕಾಂ ಎಂಜಿನಿಯರ್
ಅದನ್ನು ನಂಬಿ ಕೂರಬೇಡಿ. ಸಿಮ್ ಯಾರದೆಂದು ಪರಿಶೀಲಿಸಿ ಸಂಪರ್ಕ ಕೊಡುವ ಘಟಕಗಳು ಕೇಂದ್ರದಲ್ಲಿರುವವರೆಗೆ, ಕೊಂಡಿ ಕಡಿದಾಗ ಹೊಸ ಸಂಪರ್ಕವೇ ಸಿಗದು. ಆನೆಯನ್ನು ಗುರುತಿಸುವ ಕೆಲಸವನ್ನು ತೋಟದ ಗೋದಾಮಿನಲ್ಲಿಡುವ ಸಣ್ಣ ಕಂಪ್ಯೂಟರಿಗೆ ಒಪ್ಪಿಸಿ, ಕ್ಯಾಮೆರಾಗಳಿಂದ ಅಲ್ಲಿಗೆ ತಂತಿ ಎಳೆಯಿರಿ. ಇದೂ ಎಡ್ಜ್ ಕಂಪ್ಯೂಟಿಂಗೇ, ಕಂಪನಿಯ ಹಂಗಿಲ್ಲದ್ದು. ಲೈನ್‌ಮನೆಯ ಸೈರನ್ನಿಗೆ ಸೂಚನೆ ಕಳಿಸಲು, ನಮ್ಮಲ್ಲಿ ಪರವಾನಗಿ ಬೇಡದ 865 ಮೆಗಾಹರ್ಟ್ಸ್ ಪಟ್ಟಿಯ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಸಂದೇಶವನ್ನು ದೂರಕ್ಕೆ ಕಳಿಸುವ) ರೇಡಿಯೋ ಸಾಕು. ಮೊಬೈಲ್ ಜಾಲದ ಮೂಲಕ ಒಂದು ಚಿತ್ರ ಮಾತ್ರ ನಿಮ್ಮ ಫೋನಿಗೆ ಹೋಗಲಿ, ತಡವಾದರೂ ಚಿಂತೆಯಿಲ್ಲ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲವಾದ್ದರಿಂದ, ಖರ್ಚಿನ ಮೊದಲ ಪಾಲನ್ನು ಬ್ಯಾಟರಿಗೇ ಇಡಿ.