ಎಲ್ಲ ಫೈಲ್‌ಗಳ ಹೆಸರಿಗೂ ನಾಲ್ಕು ಅಕ್ಷರದ ಬಾಲ, ಯಾವುದೂ ತೆರೆಯುತ್ತಿಲ್ಲ

ನೀಲಿಪರದೆ:
ವಿಂಡೋಸ್ 10 ಇರುವ ಮನೆಯ ಕಂಪ್ಯೂಟರ್. ವಿಡಿಯೊ ಸಂಕಲನದ ತಂತ್ರಾಂಶವೊಂದರ ಕ್ರ್ಯಾಕ್ ಪ್ರತಿಯನ್ನು ನಿನ್ನೆ ರಾತ್ರಿ ಹಾಕಲಾಗಿತ್ತು. ಸ್ವಲ್ಪ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ನಡೆಯುತ್ತಿದೆ ಎಂಬ ಕಿಟಕಿ ಬಂತು. ಬೆಳಿಗ್ಗೆ ನೋಡಿದರೆ ಫೋಟೋ, ವಿಡಿಯೊ, ವರ್ಡ್ ಫೈಲ್ ಎಲ್ಲದರ ಹೆಸರಿನ ಕೊನೆಗೂ ಅರ್ಥವಿಲ್ಲದ ನಾಲ್ಕು ಅಕ್ಷರಗಳು. ಫೋಲ್ಡರ್‌ಗಳಲ್ಲಿ ‘ರೀಡ್‌ಮಿ’ ಎಂಬ ಟೆಕ್ಸ್ಟ್ ಫೈಲ್ ಕುಳಿತಿದೆ: 980 ಡಾಲರ್ ಕೊಡಬೇಕಂತೆ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧಕ್ಕೆ ಇಳಿಸಿ 490. ಹೆಸರಿನಿಂದ ಆ ಅಕ್ಷರಗಳನ್ನು ಅಳಿಸಿ ನೋಡಿದರೂ ಚಿತ್ರ ತೆರೆಯಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಆಂಟಿವೈರಸ್ ಕಂಪನಿಗಳ ಜಾಲತಾಣ ಮಾತ್ರ ತೆರೆಯುತ್ತಿಲ್ಲ. ವಿಂಡೋಸನ್ನೇ ಹೊಸದಾಗಿ ಹಾಕಿಬಿಡಲೇ?

ಹಳೆಕೀಲಿ:
ಈಗಲೇ ಬೇಡ. ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ರೋಗದ ಜೊತೆಗೆ ರೋಗಿಯೂ ಹೋಗುತ್ತಾನೆ. ಮೊದಲು ಇಂಟರ್ನೆಟ್ ಕಡಿಯಿರಿ, ಯುಎಸ್‌ಬಿಗೆ ಸಿಕ್ಕಿಸಿರುವ ಡ್ರೈವ್‌ಗಳನ್ನೆಲ್ಲ ಕಳಚಿರಿ. ಇನ್ನು ಮುಂದಿನದನ್ನು ಬೇರೆ ಸಾಧನದಿಂದ ಬರೆಯಿರಿ.

ನೀವು ಹೇಳಿದ ಲಕ್ಷಣಗಳೆಲ್ಲ ‘ಸ್ಟಾಪ್’ ಅಥವಾ ‘ಡಿಜೆವು’ ಎಂಬ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಕುಟುಂಬದವು. ಆಸ್ಪತ್ರೆ, ಕಂಪನಿಗಳ ಮೇಲೆ ಬೀಳುವ ಜಾತಿಯಲ್ಲ ಇದು. ಕ್ರ್ಯಾಕ್, ಕೀಜೆನ್ (ನಕಲಿ ಪರವಾನಗಿ ಸಂಖ್ಯೆ ತಯಾರಿಸುವ ತಂತ್ರಾಂಶ)ಗಳ ಬೆನ್ನೇರಿ ಮನೆಯ ಕಂಪ್ಯೂಟರ್‌ಗಳಿಗೇ ಬರುವಂಥದ್ದು. ಆ ಅಪ್‌ಡೇಟ್ ಕಿಟಕಿ ನಕಲಿ. ಡಿಸ್ಕ್ ಒಂದೇ ಸಮನೆ ಓಡುತ್ತಿರುವುದು ಏಕೆ ಎಂದು ನೀವು ಅನುಮಾನಿಸದಿರಲೆಂದು ತೋರಿಸುವ ಪರದೆ. ಆಂಟಿವೈರಸ್ ತಾಣಗಳು ತೆರೆಯದಿರುವುದಕ್ಕೆ ಕಾರಣ, ಯಾವ ತಾಣ ಯಾವ ವಿಳಾಸದಲ್ಲಿದೆ ಎಂದು ಕಂಪ್ಯೂಟರ್ ಮೊದಲು ನೋಡುವ ‘ಹೋಸ್ಟ್ಸ್’ ಫೈಲಿನಲ್ಲಿ ವೈರಸ್ ಸೇರಿಸಿರುವ ಸಾಲುಗಳು. ಜೊತೆಗೆ ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ತನ್ನನ್ನು ನಮೂದಿಸಿಕೊಂಡು ಆಗಾಗ ಮತ್ತೆ ಏಳುತ್ತದೆ. ಈಗ ಪೆನ್‌ಡ್ರೈವ್ ಸಿಕ್ಕಿಸಿದರೆ ಅದರಲ್ಲಿರುವುದಕ್ಕೂ ಬೀಗ ಬೀಳುತ್ತದೆ.

ಆ ರೀಡ್‌ಮಿಯ ತಳದಲ್ಲಿ ‘ಪರ್ಸನಲ್ ಐಡಿ’ ಎಂಬ ಉದ್ದನೆಯ ಸಾಲಿದೆ. ಅದರ ಕೊನೆಯ ಎರಡು ಅಕ್ಷರ ‘ಟಿ’ ಮತ್ತು ‘1’ ಆಗಿವೆಯೇ ನೋಡಿ ಹೇಳಿ. ಉಳಿದ ಭಾಗವನ್ನು ಇಲ್ಲಿ ಹಾಕುವುದು ಬೇಡ.

ನೀಲಿಪರದೆ:
ಅಲ್ಲ, ಬೇರೆ ಅಕ್ಷರಗಳಿವೆ. ಆ ಎರಡು ಅಕ್ಷರದಲ್ಲಿ ಏನಿದೆ?

ಹಳೆಕೀಲಿ:
ಎಲ್ಲವೂ ಅದರಲ್ಲೇ ಇದೆ. ಈ ಕುಟುಂಬ ಫೈಲ್‌ಗಳಿಗೆ ಸಾಲ್ಸಾ20 ಎಂಬ ವಿಧಾನದಲ್ಲಿ ಬೀಗ ಹಾಕಿ, ಅದರ ಕೀಲಿಯನ್ನು ಆರ್‌ಎಸ್‌ಎ ಎಂಬ ಇನ್ನೊಂದು ವಿಧಾನ ಬಳಸಿ ಮತ್ತೆ ಬಚ್ಚಿಡುತ್ತದೆ. ಕೆಲಸ ಶುರುಮಾಡುವ ಮುನ್ನ ಕಳ್ಳರ ಸರ್ವರನ್ನು ಸಂಪರ್ಕಿಸಿ ನಿಮಗೊಬ್ಬರಿಗೇ ಎಂದು ಒಂದು ಕೀಲಿ ತರಿಸಿಕೊಳ್ಳಲು ನೋಡುತ್ತದೆ. ಸರ್ವರ್ ಸಿಕ್ಕರೆ ಅದು ಆನ್‌ಲೈನ್ ಕೀಲಿ. ಬಿಚ್ಚುವ ಭಾಗ ಕಳ್ಳರ ಬಳಿ ಮಾತ್ರ ಇರುತ್ತದೆ, ಊಹಿಸಿ ಪಡೆಯುವ ದಾರಿಯೇ ಇಲ್ಲ. ಸರ್ವರ್ ಸಿಗದಿದ್ದರೆ ತನ್ನೊಳಗೇ ಇರುವ ಒಂದು ಸಿದ್ಧ ಕೀಲಿಯನ್ನು ಬಳಸುತ್ತದೆ, ಆಗ ಐಡಿ ‘ಟಿ1’ ಎಂದು ಮುಗಿಯುತ್ತದೆ. ಆ ಕೀಲಿ ಅದೇ ತಳಿಗೆ ಸಿಕ್ಕಿಬಿದ್ದ ಎಲ್ಲರಿಗೂ ಒಂದೇ. ಯಾರಾದರೊಬ್ಬರಿಂದ ಅದು ಸಂಶೋಧಕರ ಕೈ ಸೇರಿದರೆ ಎಲ್ಲರ ಫೈಲೂ ಬಿಚ್ಚಿಕೊಳ್ಳುತ್ತವೆ. ಎಮ್ಸಿಸಾಫ್ಟ್ ಕಂಪನಿಯ ಉಚಿತ ಡಿಕ್ರಿಪ್ಟರ್ (ಬೀಗ ಬಿಚ್ಚುವ ತಂತ್ರಾಂಶ) ಹೊಸ ತಳಿಗಳ ವಿಷಯದಲ್ಲಿ ಮಾಡುವುದು ಇದನ್ನೇ.

ನಿರಾಶರಾಗುವ ಮೊದಲು ಒಂದು ಕೆಲಸ ಮಾಡಿ. ಸಿ ಡ್ರೈವಿನಲ್ಲಿ ‘ಸಿಸ್ಟಮ್‌ಐಡಿ’ ಎಂಬ ಫೋಲ್ಡರ್ ಇರುತ್ತದೆ, ಅದರೊಳಗೆ ‘ಪರ್ಸನಲ್‌ಐಡಿ’ ಎಂಬ ಫೈಲ್. ಅದರಲ್ಲಿ ಎಷ್ಟು ಸಾಲುಗಳಿವೆ? ವೈರಸ್ ಒಂದಕ್ಕಿಂತ ಹೆಚ್ಚು ಸಲ ಓಡಿ, ನಡುವೆ ನೆಟ್ ಹೋಗಿ ಬಂದಿದ್ದರೆ ಎರಡು ಐಡಿಗಳಿರಬಹುದು.

ನೀಲಿಪರದೆ:
ಎರಡು ಸಾಲುಗಳಿವೆ! ಎರಡನೆಯದು ‘ಟಿ1’ ಎಂದೇ ಮುಗಿಯುತ್ತದೆ. ರಾತ್ರಿ ರೂಟರ್ ಆರಿಸಿ ಮಲಗಿದ್ದೆವು.

ಹಳೆಕೀಲಿ:
ಆ ರೂಟರಿಗೆ ಒಂದು ನಮಸ್ಕಾರ ಹಾಕಿ. ಕೆಲವು ಫೈಲ್‌ಗಳಾದರೂ ಬರುವ ಸಾಧ್ಯತೆ ಇದೆ. ಆದರೆ ಕ್ರಮ ತಪ್ಪಿಸಬೇಡಿ. ಎರಡೂ ಐಡಿಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಓಡಿಸಿ. ವಿಂಡೋಸ್ ಏಳುವ ಮೊದಲೇ ಅದು ಹುಡುಕುವುದರಿಂದ ವೈರಸ್‌ಗೆ ಅಡ್ಡಗಾಲು ಹಾಕಲು ಆಗುವುದಿಲ್ಲ. ಹೋಸ್ಟ್ಸ್ ಫೈಲಿನಿಂದ ಹೆಚ್ಚುವರಿ ಸಾಲುಗಳನ್ನು ತೆಗೆಯಿರಿ. ಬೀಗ ಬಿದ್ದ ಫೈಲ್‌ಗಳನ್ನೆಲ್ಲ ಒಂದು ಖಾಲಿ ಡಿಸ್ಕಿಗೆ ನಕಲು ಮಾಡಿಕೊಂಡ ಮೇಲೆಯೇ ನೆಟ್ ಜೋಡಿಸಿ ಡಿಕ್ರಿಪ್ಟರ್ ಓಡಿಸಿ, ಏಕೆಂದರೆ ಕೀಲಿಗಾಗಿ ಅದು ತನ್ನ ಸರ್ವರನ್ನು ಕೇಳಬೇಕು.

ಆನ್‌ಲೈನ್ ಕೀಲಿಯ ಫೈಲ್‌ಗಳಲ್ಲೂ ಒಂದು ಸಂದಿ ಇದೆ. ಬೇಗ ಮುಗಿಸುವ ಅವಸರಕ್ಕೆ ಈ ವೈರಸ್ ಪ್ರತಿ ಫೈಲಿನ ಮೊದಲ ಸುಮಾರು 150 ಕೆಬಿಯನ್ನು ಮಾತ್ರ ಕೆಡಿಸುತ್ತದೆ. ಚಿಕ್ಕ ವರ್ಡ್ ಫೈಲ್ ಪೂರ್ತಿ ಹೋಯಿತು. ಆದರೆ 800 ಎಂಬಿಯ ವಿಡಿಯೊದಲ್ಲಿ ತಲೆಯ ಭಾಗ ಬಿಟ್ಟರೆ ಉಳಿದದ್ದೆಲ್ಲ ಹಾಗೆಯೇ ಇರುತ್ತದೆ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೊವನ್ನು ಮಾದರಿಯಾಗಿ ಕೊಟ್ಟರೆ ‘ಮೀಡಿಯಾ ರಿಪೇರ್’ ಎಂಬ ಉಪಕರಣ ಆ ತಲೆಯನ್ನು ಮತ್ತೆ ಕಟ್ಟಲು ಪ್ರಯತ್ನಿಸುತ್ತದೆ. ದೊಡ್ಡ ಜಿಪ್ ಫೈಲಿನಲ್ಲೂ ಮೊದಲ ಒಂದೆರಡು ಫೈಲ್ ಬಿಟ್ಟು ಉಳಿದವು ಸಾಮಾನ್ಯವಾಗಿ ಸಿಗುತ್ತವೆ.

ಮೂರನೆಪ್ರತಿ:
ಎಲ್ಲರೂ ಫೈಲ್‌ಗಳ ಹಿಂದೆಯೇ ಬಿದ್ದಿದ್ದೀರಿ. ಈ ಕುಟುಂಬ ಒಬ್ಬಂಟಿಯಾಗಿ ಬರುವುದು ಕಡಿಮೆ. ಆಜೋರಲ್ಟ್, ವಿಡಾರ್‌ನಂಥ ಪಾಸ್‌ವರ್ಡ್ ಕದಿಯುವ ವೈರಸ್ಸನ್ನೂ ಜೊತೆಗೆ ಇಳಿಸಿಕೊಂಡಿರುವ ಪ್ರಕರಣಗಳು ಬಹಳ. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳೆಲ್ಲ ಹೋಗಿವೆ ಎಂದೇ ತಿಳಿಯಿರಿ. ಬೇರೆ ಸಾಧನದಿಂದ ಮೊದಲು ಇಮೇಲ್, ನಂತರ ಬ್ಯಾಂಕ್, ಹೀಗೆ ಬದಲಾಯಿಸಿ. ‘ಎಲ್ಲ ಸಾಧನಗಳಿಂದ ಲಾಗ್‌ಔಟ್’ ಎಂಬುದನ್ನೂ ಒತ್ತಿ. ನೀವು ಲಾಗಿನ್ ಆಗಿದ್ದೀರಿ ಎಂಬ ಗುರುತನ್ನು ಬ್ರೌಸರಿನಲ್ಲಿ ಇಡುವ ಕುಕಿಗಳನ್ನು ಕದ್ದವನಿಗೆ ಪಾಸ್‌ವರ್ಡ್ ಬೇಕಿಲ್ಲ.

ದುಡ್ಡು ಕೊಡುವ ಯೋಚನೆ ಬಿಡಿ. ಆನ್‌ಲೈನ್ ಕೀಲಿಯನ್ನೂ ಖಂಡಿತ ಬಿಚ್ಚಿಕೊಡುತ್ತೇವೆ ಎನ್ನುವ ‘ರಿಕವರಿ ತಜ್ಞ’ರಿಂದಲೂ ದೂರವಿರಿ.

ಒಂಟಿಡಿಸ್ಕ್:
ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಬ್ಯಾಕಪ್ ಡಿಸ್ಕ್ ಯಾವಾಗಲೂ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತದೆ, ಕ್ಲೌಡ್ ಸಿಂಕ್ ಕೂಡ ಇದೆ. ಸಾಲದೇ?

ಮೂರನೆಪ್ರತಿ:
ಸಿಕ್ಕಿಸಿಯೇ ಇರುವ ಡಿಸ್ಕ್ ಬ್ಯಾಕಪ್ ಅಲ್ಲ, ಇನ್ನೊಂದು ಫೋಲ್ಡರ್ ಅಷ್ಟೆ. ನಕಲು ಮಾಡಿ ಕಳಚಿಡಿ. ಸಿಂಕ್ ಎಂಬುದು ಬೀಗ ಬಿದ್ದ ಪ್ರತಿಯನ್ನೂ ಅಷ್ಟೇ ನಿಷ್ಠೆಯಿಂದ ಮೇಲಕ್ಕೆ ಕಳಿಸುತ್ತದೆ. ನಿಮ್ಮ ಸೇವೆಯಲ್ಲಿ ಹಳೆಯ ಆವೃತ್ತಿಗೆ ಮರಳುವ ಸೌಲಭ್ಯ ಇದೆಯೇ, ಎಷ್ಟು ದಿನ ಹಿಂದಕ್ಕೆ ಎಂದು ಇಂದೇ ನೋಡಿಕೊಳ್ಳಿ. ವಿಂಡೋಸ್ ತಾನೇ ಇಟ್ಟುಕೊಳ್ಳುವ ಶ್ಯಾಡೋ ಕಾಪಿ ಎಂಬ ಹಳೆಯ ಪ್ರತಿಗಳನ್ನು ನಂಬಬೇಡಿ, ರ‍್ಯಾನ್ಸಮ್‌ವೇರ್ ಅವನ್ನೇ ಮೊದಲು ಅಳಿಸಲು ನೋಡುತ್ತದೆ.

‘ಅಡ್ಮಿನ್ ಅಲ್ಲದ ಖಾತೆ ಬಳಸಿ’ ಎಂದು ಸಾಮಾನ್ಯವಾಗಿ ಕೊಡುವ ಸಲಹೆ ಒಳ್ಳೆಯದೇ, ಆದರೆ ಇಲ್ಲಿ ಅದಕ್ಕೆ ಅರ್ಧ ಅಂಕ. ನಿಮ್ಮ ಫೋಟೋಗಳನ್ನು ತಿದ್ದಲು ನಿಮಗೆ ಅನುಮತಿ ಇದ್ದರೆ, ನಿಮ್ಮ ಹೆಸರಿನಲ್ಲಿ ಓಡುವ ವೈರಸ್‌ಗೂ ಇದೆ. ಆ ಲೋಪಕ್ಕೆಂದೇ ಇರುವುದು 2017ರ ಕೊನೆಯಲ್ಲಿ ವಿಂಡೋಸ್ 10ಕ್ಕೆ ಬಂದ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’. ನಂಬಿಕಸ್ಥ ತಂತ್ರಾಂಶ ಬಿಟ್ಟು ಬೇರಾವುದೂ ರಕ್ಷಿತ ಫೋಲ್ಡರ್‌ಗಳಲ್ಲಿ ಬರೆಯದಂತೆ ತಡೆಯುತ್ತದೆ. ಮೊದಲ ವಾರ ಕಿರಿಕಿರಿ ಮಾಡುತ್ತದೆ, ಸಹಿಸಿಕೊಳ್ಳಿ. ವಿಂಡೋಸ್‌ನದೇ ಆದ ಡಿಫೆಂಡರ್ ಬಿಟ್ಟು ಬೇರೆ ಆಂಟಿವೈರಸ್ ಹಾಕಿದ್ದರೆ ಅದು ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ. ಇನ್ನು ಅಪ್‌ಡೇಟ್ ಹಾಕಲು ತಡಮಾಡಬೇಡಿ: ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ 2017ರ ಮೇ 12ರಂದು ಹರಡಿತು, ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಹಾಕಿತ್ತು.

ನೀಲಿಪರದೆ:
ವರದಿ ಒಪ್ಪಿಸುತ್ತಿದ್ದೇನೆ. ಸ್ಕ್ಯಾನ್ ಆಯಿತು, ಪಾಸ್‌ವರ್ಡ್ ಬದಲಾಯಿತು. ಡಿಕ್ರಿಪ್ಟರ್ ಎರಡು ಫೋಲ್ಡರ್‌ಗಳನ್ನು ಪೂರ್ತಿ ಬಿಚ್ಚಿತು, ಉಳಿದವಕ್ಕೆ ಆನ್‌ಲೈನ್ ಐಡಿ, ಅಸಾಧ್ಯ ಎಂದಿತು. ವಿಡಿಯೊಗಳಲ್ಲಿ ಹೆಚ್ಚಿನವು ದುರಸ್ತಿಯಾಗಿವೆ. ಉಳಿದ ಫೋಟೋಗಳನ್ನು ಅಳಿಸಿಬಿಡಲೇ?

ಹಳೆಕೀಲಿ:
ಅಳಿಸಬೇಡಿ. ಟೆಸ್ಲಾಕ್ರಿಪ್ಟ್ ಎಂಬ ರ‍್ಯಾನ್ಸಮ್‌ವೇರ್ ನಡೆಸುತ್ತಿದ್ದವರು 2016ರಲ್ಲಿ ತಮ್ಮ ಮೂಲ ಕೀಲಿಯನ್ನೇ ಬಹಿರಂಗಪಡಿಸಿದರು, ಶೇಡ್ ಎಂಬ ಇನ್ನೊಂದು ರ‍್ಯಾನ್ಸಮ್‌ವೇರಿನ ಗುಂಪು 2020ರಲ್ಲಿ ಸುಮಾರು 7.5 ಲಕ್ಷ ಕೀಲಿಗಳನ್ನು ಬಿಟ್ಟುಕೊಟ್ಟಿತು. ನಿಮ್ಮದಕ್ಕೂ ಹಾಗಾಗುತ್ತದೆ ಎಂದು ಮಾತು ಕೊಡಲಾರೆ. ಆ ಫೋಟೋಗಳ ಜೊತೆ ರೀಡ್‌ಮಿ ಮತ್ತು ಪರ್ಸನಲ್‌ಐಡಿ ಫೈಲನ್ನೂ ಅದೇ ಡಿಸ್ಕಿಗೆ ಹಾಕಿ, ಹೆಸರು ಬದಲಾಯಿಸದೆ ಕಳಚಿಡಿ. ಆಗಾಗ ಉಚಿತ ಡಿಕ್ರಿಪ್ಟರ್‌ಗಳು ಸಿಗುವ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಇಣುಕಿ ನೋಡಿ. ಈಗ ವಿಂಡೋಸ್ ಹೊಸದಾಗಿ ಹಾಕಬಹುದು.