ಯುದ್ಧಕಾಲದ ಪೋಸ್ಟರ್‌ಗಳು: ಭಯಕ್ಕೆ ಬಲ ಜಾಸ್ತಿಯೋ, ನಾಚಿಕೆಗೋ?

ಹಳೇಪುಟ:
ಎರಡು ಮಹಾಯುದ್ಧಗಳ ಪೋಸ್ಟರ್‌ಗಳನ್ನು ನೋಡುತ್ತಾ ಕೂತಿದ್ದೆ. ಒಂದು ಮಾತ್ರ ತಲೆಯಿಂದ ಹೋಗುತ್ತಿಲ್ಲ. 1915ರ ಬ್ರಿಟಿಷ್ ಪೋಸ್ಟರ್, ಸ್ಯಾವಿಲ್ ಲಮ್ಲಿ ಬರೆದದ್ದು. ಯುದ್ಧ ಮುಗಿದ ಮೇಲಿನ ದೃಶ್ಯ. ಅಪ್ಪ ಕುರ್ಚಿಯಲ್ಲಿ ಕೂತಿದ್ದಾನೆ. ಮಗ ನೆಲದ ಮೇಲೆ ಆಟದ ಸೈನಿಕರನ್ನು ಜೋಡಿಸುತ್ತಿದ್ದಾನೆ. ತೊಡೆ ಮೇಲಿನ ಮಗಳು ಕೇಳುತ್ತಾಳೆ, ಮಹಾಯುದ್ಧದಲ್ಲಿ ನೀನೇನು ಮಾಡಿದೆ ಅಪ್ಪಾ ಅಂತ. ಅಪ್ಪ ಅವಳ ಮುಖ ನೋಡುವುದಿಲ್ಲ, ನಮ್ಮನ್ನು ನೋಡುತ್ತಾನೆ. ರಕ್ತ ಇಲ್ಲ, ಶತ್ರುವೂ ಇಲ್ಲ. ಆದರೂ ಸೇನೆಗೆ ಸೇರಿ ಅಂತ ಬ್ರಿಟನ್ನಿನ ಯುದ್ಧಮಂತ್ರಿ ಕಿಚನರ್ ಬೆರಳು ಚಾಚಿ ನಿಂತಿರುವ ಚಿತ್ರಕ್ಕಿಂತ ಇದು ಚುಚ್ಚುತ್ತದೆ. ಭಯಕ್ಕಿಂತ ನಾಚಿಕೆಗೇ ಬಲ ಜಾಸ್ತಿ ಅನ್ನುತ್ತೇನೆ. ನೀವು?

ಕುಂಚಪ್ರಿಯ:
ಒಪ್ಪಲ್ಲ ಸರ್. ಫ್ರೆಡ್ ಸ್ಪಿಯರ್ 1915ರಲ್ಲಿ ಬರೆದದ್ದನ್ನು ನೋಡಿ. ಲುಸಿಟಾನಿಯಾ ಅನ್ನುವ ಪ್ರಯಾಣಿಕರ ಹಡಗನ್ನು ಜರ್ಮನರು ಮುಳುಗಿಸಿದ ಮೇಲೆ ಅಮೆರಿಕದಲ್ಲಿ ಬಂದದ್ದು. ಹಸಿರು ನೀರೊಳಗೆ ಒಬ್ಬ ತಾಯಿ, ಎದೆಗವಚಿದ ಕೂಸಿನ ಜೊತೆ ಕೆಳಗೆ ಇಳಿಯುತ್ತಿದ್ದಾಳೆ. ಸೇನೆಗೆ ಸೇರು ಅಂತ ಒಂದೇ ಮಾತು. ನಾಚಿಕೆ ಆಗಬೇಕಾದರೆ ಸ್ವಲ್ಪ ಯೋಚಿಸಬೇಕು. ಭಯಕ್ಕೆ, ಸಿಟ್ಟಿಗೆ ಆ ಪುರುಸೊತ್ತು ಬೇಡ.

ಪ್ರಶ್ನೆಗಾರ:
ಇಬ್ಬರೂ ಚಿತ್ರ ಚೆನ್ನಾಗಿದೆ ಅಂತ ಹೇಳುತ್ತಿದ್ದೀರಿ, ಅಷ್ಟೇ. ಅದು ಕೆಲಸ ಮಾಡಿತು ಅನ್ನುವುದಕ್ಕೆ ಏನು ಗುರುತು? ಬ್ರಿಟನ್ನಿನಲ್ಲಿ ಜನ ತಾವಾಗಿ ಅತಿ ಹೆಚ್ಚು ಸೇರಿದ್ದು 1914ರ ಸೆಪ್ಟೆಂಬರ್‌ನಲ್ಲಿ, ಆ ಒಂದೇ ತಿಂಗಳಲ್ಲಿ 4.6 ಲಕ್ಷಕ್ಕೂ ಹೆಚ್ಚು. ಆಲ್ಫ್ರೆಡ್ ಲೀಟ್‌ನ ಕಿಚನರ್ ಚಿತ್ರ ಪತ್ರಿಕೆಯ ಮುಖಪುಟದಲ್ಲಿ ಬಂದದ್ದೇ ಆ ಸೆಪ್ಟೆಂಬರ್ 5ಕ್ಕೆ. ಪೋಸ್ಟರ್ ಆದದ್ದು ಆಮೇಲೆ. 1915 ಇಡೀ ವರ್ಷ ಗೋಡೆ ತುಂಬಾ ಅಂಟಿಸಿದರು. ಕೊನೆಗೆ ಏನಾಯ್ತು? 1916ರ ಜನವರಿಯಲ್ಲಿ ಕಡ್ಡಾಯ ಸೇನಾ ಸೇವೆಯ ಕಾನೂನು ತರಬೇಕಾಯ್ತು. ನಾಚಿಕೆ ಅಷ್ಟು ಬಲವಾಗಿದ್ದರೆ ಕಾನೂನು ಯಾಕೆ ಬೇಕಿತ್ತು?

ಇನ್ನೊಂದು. ಕೆಂಪು ಬಟ್ಟೆ ತಲೆಗೆ ಕಟ್ಟಿ ತೋಳು ಮಡಚಿದ ಅಮೆರಿಕದ ಹೆಂಗಸಿನ ಚಿತ್ರ ಎಲ್ಲರಿಗೂ ಗೊತ್ತು. 1943ರಲ್ಲಿ ಅದನ್ನು ಒಂದು ಕಂಪನಿಯ ಕಾರ್ಖಾನೆಗಳಲ್ಲಿ ಎರಡು ವಾರ ಹಾಕಿದ್ದರು, ಮುಗೀತು. ಹೆಸರು ಬಂದದ್ದು 1980ರ ದಶಕದಲ್ಲಿ. ‘ಶಾಂತವಾಗಿರಿ, ಕೆಲಸ ಮುಂದುವರಿಸಿ’ ಅನ್ನುವ 1939ರ ಬ್ರಿಟಿಷ್ ಪೋಸ್ಟರ್ ಅಂತೂ 20 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಗಿ, ಬಹುಪಾಲು ಗೋಡೆಯನ್ನೇ ಕಾಣದೆ ರದ್ದಿಗೆ ಹೋಯ್ತು. ನಾವು ಇವತ್ತು ಮೆಚ್ಚುವುದನ್ನು ಅಂದಿನವರ ಮೇಲೆ ಹೊರಿಸುತ್ತಿದ್ದೇವೆ.

ಸಂಜೆಗಾಳಿ:
ಪ್ರಶ್ನೆಗಾರರೇ, ಲೆಕ್ಕ ಸರಿ. ಆದರೆ ಪೋಸ್ಟರ್ ನೋಡುವವನು ಸೇನೆಗೆ ಸೇರುವ ಹುಡುಗ ಒಬ್ಬನೇ ಅಂತ ಯಾಕೆ ಅಂದುಕೊಂಡಿರಿ? ಅವನ ಅಮ್ಮ ನೋಡುತ್ತಾಳೆ, ಹೆಂಡತಿ ನೋಡುತ್ತಾಳೆ, ಪಕ್ಕದ ಮನೆಯವರು ನೋಡುತ್ತಾರೆ. 1915ರಲ್ಲೇ ಇನ್ನೊಂದು ಪೋಸ್ಟರ್ ಇತ್ತು. ಕಿಟಕಿ ಹತ್ತಿರ ಹೆಂಗಸರು, ಮಗು. ಹೊರಗೆ ಸೈನಿಕರು ಸಾಗುತ್ತಿದ್ದಾರೆ. ಬ್ರಿಟನ್ನಿನ ಹೆಂಗಸರು ‘ಹೋಗಿ’ ಅನ್ನುತ್ತಿದ್ದಾರೆ ಅಂತ ಅದರ ಮೇಲೆ ಬರೆದಿದೆ. ಇದು ಗಂಡಸಿಗೆ ಬರೆದದ್ದು ಅನಿಸುತ್ತಾ? ಮನೆಯವರ ಬಾಯಿಗೆ ಮಾತು ಹಾಕುವ ಕೆಲಸ ಅದು. ಕಾನೂನು ಬರುವ ಮೊದಲೇ ರಸ್ತೆಯಲ್ಲಿ ಒತ್ತಡ ಶುರುವಾಗಿತ್ತು. ಸಮವಸ್ತ್ರ ಇಲ್ಲದ ಗಂಡಸರಿಗೆ ಹೆಂಗಸರು ಬಿಳಿ ಗರಿ ಕೊಟ್ಟು ಹೇಡಿ ಅನ್ನುತ್ತಿದ್ದರು. 1916ರಲ್ಲಿ, ಗಾಯವೋ ಕಾಯಿಲೆಯೋ ಆಗಿ ಸೇನೆ ಬಿಟ್ಟವರಿಗೆ ಸರ್ಕಾರ ಬೆಳ್ಳಿ ಬ್ಯಾಡ್ಜ್ ಕೊಟ್ಟಿತು. ನಾನು ದುಡಿದು ಬಂದವನು ಅಂತ ಎದೆ ಮೇಲೆ ತೋರಿಸಿಕೊಂಡು ಓಡಾಡಬೇಕಾದ ಸ್ಥಿತಿ! ಪೋಸ್ಟರ್ ಒಂದರಿಂದಲೇ ಇದೆಲ್ಲ ಆಯ್ತು ಅನ್ನುತ್ತಿಲ್ಲ. ಆದರೆ ಸೇರಿದವರ ತಲೆ ಎಣಿಸಿದರೆ ಇದು ಲೆಕ್ಕಕ್ಕೇ ಸಿಗಲ್ಲ.

ಹಳೇಪುಟ:
ಇದಕ್ಕೆ ಸೇರಿಸುತ್ತೇನೆ. ಮಗಳು ಪ್ರಶ್ನೆ ಕೇಳುವ ಆ ಪೋಸ್ಟರ್‌ನ ಯೋಚನೆ ಬಂದದ್ದು ಆರ್ಥರ್ ಗನ್ ಅನ್ನುವ ಮುದ್ರಕನಿಗೆ. ನಾನು ಸೇರದಿದ್ದರೆ ಮಕ್ಕಳು ಮುಂದೆ ಏನು ಕೇಳಿಯಾರು ಅಂತ ಅವನಿಗೇ ಅನಿಸಿತ್ತಂತೆ. ಆಮೇಲೆ ಅವನೂ ಸೇರಿಬಿಟ್ಟ. ಅವನ ಮಗ ಹೇಳಿದ ಮಾತು ಇದು.

ಪ್ರಶ್ನೆಗಾರ:
ಒಬ್ಬನಂತೂ ಸಿಕ್ಕ, ಅದೂ ಮಾಡಿಸಿದವನೇ :)

ತುಂಟನಗು:
ನಗುವಿನ ವಿಷಯ ಯಾರೂ ಎತ್ತಲಿಲ್ಲ! ಫುಗಾಸ್ ಅನ್ನುವ ವ್ಯಂಗ್ಯಚಿತ್ರಕಾರ 1940ರಲ್ಲಿ ಬ್ರಿಟನ್ನಿಗೆ ಬರೆದ ಸರಣಿ ನೋಡಿ. ಇಬ್ಬರು ಹೆಂಗಸರು ಹರಟುತ್ತಿದ್ದಾರೆ, ಹಿಂದಿನ ಸೀಟಲ್ಲಿ ಹಿಟ್ಲರ್ ಮತ್ತು ಅವನ ಮಂತ್ರಿ ಗೋರಿಂಗ್ ಕಿವಿ ನಿಮಿರಿಸಿ ಕೂತಿದ್ದಾರೆ. ಗುಟ್ಟು ಬಿಡಬೇಡಿ ಅಂತ ಗದರಿಸಿದರೆ ಯಾರು ಕೇಳುತ್ತಾರೆ? ನಗಿಸಿದರೆ ನೆನಪಿರುತ್ತೆ. ಅದಕ್ಕೆ ಮುಂಚೆ, 1939ರಲ್ಲಿ, ನಿಮ್ಮ ಧೈರ್ಯ, ನಿಮ್ಮ ಗಟ್ಟಿತನ ನಮಗೆ ಗೆಲುವು ತರುತ್ತೆ ಅಂತ ಗಂಭೀರವಾಗಿ ಒಂದು ಹಾಕಿದ್ದರು. ಕಷ್ಟ ನಮಗೆ, ಗೆಲುವು ಮೇಲಿನವರಿಗಾ ಅಂತ ಜನ ಬೈದರು.

ಕುಂಚಪ್ರಿಯ:
ನಗು ಚೆನ್ನಾಗೇ ಇದೆ, ಆದರೆ ಭಯದಷ್ಟು ದಿನ ಉಳಿಯಲ್ಲ. ಮೊದಲ ಯುದ್ಧದಲ್ಲಿ ಅಮೆರಿಕದವರು ಜರ್ಮನ್ ಹೆಲ್ಮೆಟ್ ಹಾಕಿದ ಗೊರಿಲ್ಲಾ ಬರೆದರಲ್ಲ, ಕೈಯಲ್ಲಿ ದೊಣ್ಣೆ, ತೋಳಲ್ಲಿ ಹೆಣ್ಣು?

ಸಂಜೆಗಾಳಿ:
ಉಳಿಯಿತು, ಆದರೆ ಯಾರಿಗೆ ಉಪಯೋಗವಾಯ್ತು? 1939ರಲ್ಲಿ ನಾಜಿಗಳು ಅದೇ ಗೊರಿಲ್ಲಾ ಚಿತ್ರವನ್ನು ಮತ್ತೆ ಅಚ್ಚು ಹಾಕಿದರು, ನೋಡಿ ನಮ್ಮನ್ನು ಹೀಗೆ ಕರೆದಿದ್ದರು ಅಂತ ತಮ್ಮ ಜನಕ್ಕೇ ತೋರಿಸಿ ಸಿಟ್ಟು ಬರಿಸಲು. ಅದಷ್ಟೇ ಅಲ್ಲ. ಮೊದಲ ಯುದ್ಧದಲ್ಲಿ ಬೆಲ್ಜಿಯಂನಲ್ಲಿ ಜರ್ಮನ್ ಸೇನೆಯಿಂದ ನಿಜವಾದ ಹತ್ಯೆಗಳು ನಡೆದಿದ್ದವು. ಅದರ ಮೇಲೆ ಕಟ್ಟುಕಥೆಗಳನ್ನೂ ಪೇರಿಸಿದ್ದರು. ಹಾಗಾಗಿ ಎರಡನೇ ಯುದ್ಧದಲ್ಲಿ ಯಹೂದಿಗಳ ಕೊಲೆಯ ಸುದ್ದಿ ಬಂದಾಗ, ಇದೂ ಅಂಥದ್ದೇ ಪ್ರಚಾರ ಇರಬೇಕು ಅಂದವರಿದ್ದರು.

ಕುಂಚಪ್ರಿಯ:
ಭಯಕ್ಕೆ ಬಲ ಇಲ್ಲ ಅಂತ ಇದರಿಂದ ಆಗಲ್ಲ ಮೇಡಂ. ಯಾರ ಕೈಗೆ ಸಿಕ್ಕಿದರೂ ಕೆಲಸ ಮಾಡುತ್ತೆ ಅಂತ ಆಗುತ್ತೆ.