ಪ್ರೀಕಂಡೀಷನಿಂಗ್: ಮುಂಪಳಗಿಕೆಯೋ, ಮುಂಬಳಗಿಕೆಯೋ?

ಬಲ್ಲವರಿಗೆ ನಮಸ್ಕಾರ.

ಜಡಾನಿಲಗಳು (ಹೀಲಿಯಂ, ನಿಯಾನ್, ಆರ್ಗಾನ್‌ಗಳಂತೆ ಬೇರೆ ವಸ್ತುಗಳೊಡನೆ ಸುಲಭವಾಗಿ ಬೆರೆತು ವರ್ತಿಸದ ಅನಿಲಗಳು) ಹೃದಯವನ್ನು ಕಾಪಾಡುವ ಬಗೆಯನ್ನು ಕುರಿತು ಮಂಡ್ಯದ ಪಿಯುಸಿ ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಎರಡು ಪದಗಳು ಕಾಡುತ್ತಿವೆ.

ಮೊದಲನೆಯದು ಇಸ್ಕೀಮಿಯಾ. ಇದಕ್ಕೆ ‘ರಕ್ತಹೀನತೆ’ ಎಂದು ಬರೆಯುವವರಿದ್ದಾರೆ. ಅದು ತಪ್ಪು, ರಕ್ತಹೀನತೆ ಎಂದರೆ ಅನೀಮಿಯಾ. ಇಸ್ಕೀಮಿಯಾದಲ್ಲಿ ರಕ್ತ ಚೆನ್ನಾಗಿಯೇ ಇರಬಹುದು, ಆದರೆ ಒಂದು ಭಾಗಕ್ಕೆ ಸಾಕಷ್ಟು ತಲುಪುವುದಿಲ್ಲ. ಕನ್ನಂಬಾಡಿ ತುಂಬಿದ್ದರೂ ನಾಲೆಯಲ್ಲಿ ಹೂಳು ಕಟ್ಟಿಕೊಂಡು ಕೊನೆಭಾಗದ ಗದ್ದೆ ಒಣಗುವುದಿಲ್ಲವೇ, ಹಾಗೆ. ಗ್ರೀಕ್ ಮೂಲದಲ್ಲಿಯೂ ರಕ್ತವನ್ನು ತಡೆಹಿಡಿಯುವ ಅರ್ಥವಿದೆ. ‘ರಕ್ತತಡೆ’ ಎನ್ನೋಣವೆಂದರೆ, ಗಾಯದ ರಕ್ತಸ್ರಾವವನ್ನು ನಿಲ್ಲಿಸುವುದೆಂದು ಮಕ್ಕಳು ತಿಳಿದಾರು. ಸದ್ಯಕ್ಕೆ ‘ರಕ್ತಪೂರೈಕೆಯ ಕೊರತೆ’ ಎಂದು ಬಿಡಿಸಿ ಬರೆದಿದ್ದೇನೆ.

ನಿಜವಾದ ತೊಡಕು ಪ್ರೀಕಂಡೀಷನಿಂಗ್ ಎಂಬ ಪದದ್ದು. ಮುಂದೆ ಬರುವ ಪೆಟ್ಟನ್ನು ತಾಳಿಕೊಳ್ಳುವಂತೆ ಹೃದಯಸ್ನಾಯುವನ್ನು ಮೊದಲೇ ಒಗ್ಗಿಸುವುದು ಎಂದು ಇದರ ಅರ್ಥ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೊಲಗಳಿಗೆ ಶೇ. 70ರಷ್ಟು ಹೀಲಿಯಂ, ನಿಯಾನ್ ಅಥವಾ ಆರ್ಗಾನ್ ಇರುವ ಗಾಳಿಯನ್ನು ಐದೈದು ನಿಮಿಷ, ಮೂರು ಬಾರಿ ಕೊಟ್ಟರು. ಆಮೇಲೆ ಹೃದಯದ ಒಂದು ರಕ್ತನಾಳವನ್ನು 30 ನಿಮಿಷ ಕಟ್ಟಿ, ಮತ್ತೆ ಬಿಚ್ಚಿದರು. ಅನಿಲ ಪಡೆದ ಮೊಲಗಳಲ್ಲಿ ಸತ್ತ ಹೃದಯಸ್ನಾಯುವಿನ ಪ್ರಮಾಣ ಕಡಿಮೆಯಿತ್ತು. ಇದಿನ್ನೂ ಆಸ್ಪತ್ರೆಗಳ ವಾಡಿಕೆಯ ಚಿಕಿತ್ಸೆಯಲ್ಲ. ಆದರೂ ‘ಸೋಮಾರಿ’ ಎಂಬ ಅರ್ಥದ ಹೆಸರನ್ನು ಹೊತ್ತ ಆರ್ಗಾನ್ ಜೀವಕೋಶಗಳನ್ನು ಕಾಯುತ್ತದೆಂಬುದು ನನಗೆ ಇಂದಿಗೂ ಬೆರಗು.

ಇದಕ್ಕೆ ‘ಪೂರ್ವಸಿದ್ಧತೆ’ ಎಂದರೆ ಸಾಲದು. ಅದು ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರು ಮಾಡಿಕೊಳ್ಳುವ ಏರ್ಪಾಡಿನಂತೆ ಕೇಳುತ್ತದೆ. ಇಲ್ಲಿ ಬದಲಾಗುವುದು ಹೃದಯಸ್ನಾಯುವೇ. ನಮ್ಮ ರೈತರು ಟೊಮೆಟೊ ಸಸಿಗಳನ್ನು ನಾಟಿಗೆ ಮುಂಚೆ ಸಸಿಮಡಿಯಲ್ಲೇ ಕೆಲವು ದಿನ ನೀರು ಕಡಿಮೆ ಮಾಡಿ ಗಟ್ಟಿ ಮಾಡುತ್ತಾರೆ. ತತ್ತ್ವ ಹತ್ತಿರದ್ದೇ. ಆದರೆ ‘ಗಟ್ಟಿ’ ಇಲ್ಲಿ ಒಗ್ಗದು. ರಕ್ತನಾಳ ಗಟ್ಟಿಯಾಗುವುದೇ ಒಂದು ಕಾಯಿಲೆ. ಅದಕ್ಕಾಗಿ ‘ಪಳಗು’ ಧಾತುವನ್ನು ಹಿಡಿದು ‘ಮುಂಪಳಗಿಕೆ’ ಎಂದು ಕಟ್ಟಿದ್ದೇನೆ.

ಮುಂಗಾರು, ಕಂಬನಿಗಳ ಜಾಡಿನಲ್ಲಿ ಹೋದರೆ ಇದು ‘ಮುಂಬಳಗಿಕೆ’ ಆಗಬೇಕು. ಆಗ ಮಕ್ಕಳಿಗೆ ಅದರೊಳಗೆ ಪಳಗುವುದರ ಬದಲು ‘ಬಳಗ’ ಕಂಡೀತೆಂಬ ಅಳುಕಿದೆ. ಅರ್ಥ ತಿಳಿಯಾಗಿರಲೆಂದು ಸಂಧಿಯನ್ನು ಬಿಡಬಹುದೇ? ಅಥವಾ ನಿಮ್ಮ ಕಡೆಯ ರೈತರು ಸಸಿಯನ್ನು ಹೀಗೆ ಒಗ್ಗಿಸುವುದಕ್ಕೆ ಬೇರೆ ಮಾತು ಬಳಸುತ್ತಾರೆಯೇ? ದಯವಿಟ್ಟು ತಿಳಿಸಿ.